ಒಂದೇ ಕಿವಿ, ನಾಲ್ಕು ಕೆಲಸ

ಮೊರಬದ ರೋಹಿಣಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆಡಿದ ಮಾತು ಡ್ರೈವರಿಗೆ ಕೇಳಿಸುತ್ತಿತ್ತು. ನವಲಗುಂದದ ಕಾಲೇಜಿನಲ್ಲಿ ಅವಳು ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದಳು, ನಾನು ಕನ್ನಡ. ಅವಳ ದನಿ ಗೋಡೆ ದಾಟಿ ನನ್ನ ಕ್ಲಾಸಿಗೆ ಬರುತ್ತಿತ್ತು. ನನ್ನ ವಿದ್ಯಾರ್ಥಿಗಳು ಷಟ್ಪದಿ ಬಿಟ್ಟು ಅವಳ ಪಾಠ ಕೇಳುತ್ತಿದ್ದರು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ, ಹಂಗಾದರೆ ನಿನ್ನ ಹುಡುಗರು ಪಾಸಾದದ್ದರಲ್ಲಿ ನನ್ನ ಪುಣ್ಯವೂ ಇದೆ ಎಂದು ನಗುತ್ತಿದ್ದಳು. ನನ್ನ ಹೆಸರು ಮಹಾಲಕ್ಷ್ಮಿ. ಅದನ್ನು ಪೂರ್ತಿಯಾಗಿ ಅವಳು ಎಂದೂ ಹೇಳಲಿಲ್ಲ. ಮಾಲಕ್ಷ್ಮಿ ಎನ್ನುವಳು, ಸಿಟ್ಟು ಬಂದರೆ ಬರೀ ಲೇ.

ಮೊದಲು ಅವಳ ಕೈಯಿಂದ ಸೀಮೆಸುಣ್ಣ ಜಾರತೊಡಗಿತು. ಆಮೇಲೆ ನಾಲಿಗೆ ತಡವರಿಸಿತು. ಸಂಜೆಯ ಹೊತ್ತಿಗೆ ಮಾತು ಕುಡಿದವರ ಮಾತಿನ ಹಾಗೆ ಆಗುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಮೈಯನ್ನು ಅಲುಗಾಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಕೈ, ನಾಲಿಗೆ, ನುಂಗುವ ಗಂಟಲು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ತಡೆಯುವ ಔಷಧವಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅಣ್ಣಿಗೇರಿಯ ಕಡೆ ತಿರುಗುವ ರಸ್ತೆ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಸಾಯೂದು ಹೆಂಗೂ ಐತಿ. ಅವ್ವನ ಮುಂದ ಮೂಕಿ ಆಗಿ ಕುಂತು ಸಾಯಾಂಗಿಲ್ಲ ನಾ."

ಈ ಮಾತು ಏಕೆ ಬಂತು ಎಂದು ತಿಳಿಯಬೇಕಾದರೆ ಅವಳ ತಾಯಿ ಅನ್ನವ್ವನನ್ನು ನೋಡಿರಬೇಕು. ತಂದೆ ಈರಪ್ಪ ತೀರಿಕೊಂಡ ಮೇಲೆ ಹೊಲವನ್ನು ತಮ್ಮ ಸುಭಾಸ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿಯೂ ದಿನವೆಲ್ಲ ಹೊಲದಲ್ಲೇ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಇಬ್ಬರೂ ಎದ್ದಾಗಿನಿಂದ ಮಲಗುವವರೆಗೆ ಮಾತಾಡುತ್ತ, ಜಗಳಾಡುತ್ತ ಬದುಕಿದವರು. ಅನ್ನವ್ವನಿಗೆ ಓದಲು ಬರುವುದಿಲ್ಲ. ಮಗಳು ಬರೆದು ತೋರಿಸಿದರೆ ಅದು ಅವಳಿಗೆ ಗೀಟು ಮಾತ್ರ. ಅದಕ್ಕಿಂತ ಹೆಚ್ಚಾಗಿ, ಅನ್ನವ್ವ ಯಾರ ಮಾತಿಗೂ ಕಾಯುವವಳಲ್ಲ. ನೀವು ಉತ್ತರ ಹುಡುಕುವುದರೊಳಗೆ ಆಕೆ ಒಳಗೆ ಹೋಗಿ ರೊಟ್ಟಿ ತಿರುವಿ ಹಾಕಿ ಬಂದಿರುತ್ತಾಳೆ.

ಮಾತು ಕಳೆದುಕೊಂಡವರ ಪರವಾಗಿ ಮಾತಾಡುವ ಯಂತ್ರಗಳು ಸಿಗುತ್ತವೆ. ನಾವು ನೋಡಿದವು ಇಂಗ್ಲಿಷಿನವು. ಒಂದೆರಡು ಕನ್ನಡ ಆಡಿದವು, ಆದರೆ ಅದು ರೈಲ್ವೆ ಸ್ಟೇಷನ್ನಿನ ಕನ್ನಡ. ಹಾಗಾಗಿ ತನ್ನದನ್ನು ತಾನೇ ಮಾಡಿಕೊಳ್ಳಲು ರೋಹಿಣಿ ನಿಶ್ಚಯಿಸಿದಳು. ಅವಳಿಗೆ ಬೇಕಾದ ಫೋನು ನಾಲ್ಕು ಕೆಲಸ ಮಾಡಬೇಕಿತ್ತು. ಅವಳ ತೊದಲನ್ನು ಕೇಳಿ ಏನಂದಳೆಂದು ತಿಳಿಯಬೇಕು. ಕೇಳುತ್ತಿದ್ದಾಳೋ, ಬೈಯುತ್ತಿದ್ದಾಳೋ, ಚಾಷ್ಟಿ ಮಾಡಿ ನಗಿಸುತ್ತಿದ್ದಾಳೋ ಗುರುತಿಸಬೇಕು. ಆ ಮಾತನ್ನು ಅವಳ ಹಳೆಯ ದನಿಯಲ್ಲಿ ಆಡಬೇಕು. ಗಂಟಲಿಗೆ ಏನಾದರೂ ಅಡರಿ ಒದ್ದಾಡಿದರೆ ಆ ಸದ್ದನ್ನು ಹಿಡಿದು, ಜೋರಾಗಿ ಕೂಗಿ ಮನೆಯವರನ್ನು ಕರೆಯಬೇಕು.

ಮೊದಲು ನಾಲ್ಕಕ್ಕೂ ಬೇರೆ ಬೇರೆ ಮಾದರಿ, ಅಂದರೆ ಉದಾಹರಣೆ ಕೊಟ್ಟು ಕಲಿಸುವ ಪ್ರೋಗ್ರಾಮು, ಮಾಡಿದಳು. ನಾಲ್ಕೂ ಒಟ್ಟಿಗೆ ಓಡಿದರೆ ಫೋನು ಹಂಚಿನ ಹಾಗೆ ಕಾಯುತ್ತಿತ್ತು. ಚಹಾ ಬೇಕೆಂದು ಅವಳು ಹೇಳಿದ ಮಾತನ್ನು, ಅನ್ನವ್ವ ತಾನಾಗಿ ಚಹಾ ಕೊಟ್ಟು ಬಟ್ಟಲು ತೊಳೆಯುವಾಗ ಫೋನು ಆಡಿತು. ಈಗಷ್ಟೇ ಕುಡಿದು ಮತ್ತೆ ಬೇಕಂತೆ ಎಂದು ಆಕೆ ಗೊಣಗಿದಳು. ಸುಭಾಸ ದೊಡ್ಡ ಫೋನು ತಂದುಕೊಟ್ಟ. ಅದೂ ಮೊದಲ ಕೆಲವು ಮಾತಿಗೆ ಚುರುಕಾಗಿದ್ದು, ಬಿಸಿಯೇರಿದ ಮೇಲೆ ತಾನೇ ನಿಧಾನಿಸುತ್ತಿತ್ತು. ಲೆಕ್ಕವನ್ನೆಲ್ಲ ದೂರದ ಕಂಪ್ಯೂಟರಿಗೆ ಕಳಿಸಿ ಉತ್ತರ ತರಿಸೋಣವೆಂದರೆ ಮೊರಬದಲ್ಲಿ ಕರೆಂಟು ಹೋದ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ.

ಆಗ ಅವಳು ನಾಲ್ಕನ್ನೂ ಒಂದು ಮಾಡಲು ಕೂತಳು. ನನಗೂ ಅವ್ವನಿಗೂ ಒಟ್ಟಿಗೆ ತಿಳಿಯಲೆಂದು ಅಡುಗೆಮನೆಯ ಒಲೆ ತೋರಿಸಿದಳು. ಒಲೆಗೆ ಹೊಂದಿದ ಕೋಡೊಲೆಗೆ ಬೇರೆ ಕಟ್ಟಿಗೆ ಹಾಕುವುದಿಲ್ಲ. ದೊಡ್ಡ ಒಲೆಯ ಉರಿಯೇ ಅಲ್ಲಿಗೂ ಹೋಗಿ ಸಾರು ಕುದಿಸುತ್ತದೆ. ಹಾಗೆಯೇ ಕಿವಿಗೆ ಬಿದ್ದ ಸದ್ದನ್ನು ಬಿಡಿಸಿ ನೋಡುವ ಕೆಲಸ ನಾಲ್ಕಕ್ಕೂ ಒಂದೇ. ಅದನ್ನು ಒಮ್ಮೆ ಮಾಡಿ, ಅದರ ತುದಿಗೆ ನಾಲ್ಕು ಸಣ್ಣ ಕವಲು ಇಟ್ಟರೆ ಸಾಕು. ಅನ್ನವ್ವ ಕೇಳಿಸಿಕೊಂಡು, ಕೋಡೊಲೆಯಲ್ಲಿ ಅನ್ನ ಬೇಯುವುದಿಲ್ಲ, ಬರೀ ಸಾರು ಕಾಯುತ್ತದೆ ಎಂದಳು. ಆ ತ್ರಾಸವೂ ಇದರಲ್ಲಿದೆ ಎಂದು ರೋಹಿಣಿ ಒಪ್ಪಿಕೊಂಡಳು.

ತ್ರಾಸ ಬೇಗನೆ ಕಾಣಿಸಿತು. ಒಂದು ಕೆಲಸ ಚೆನ್ನಾಗಿ ಕಲಿಸಿದರೆ ಇನ್ನೊಂದು ಮರೆಯುತ್ತಿತ್ತು. ತೊದಲು ತಿಳಿಯಲು ಕಲಿತ ಹಾಗೆಲ್ಲ ಬೈಗುಳಕ್ಕೂ ಚಾಷ್ಟಿಗೂ ವ್ಯತ್ಯಾಸ ತಿಳಿಯದಾಯಿತು. ದನಿಯ ಕಥೆ ಇನ್ನೊಂದು. ಕೊರೊನಾ ಕಾಲದ ಆನ್‌ಲೈನ್ ಪಾಠಗಳಲ್ಲಿ ಅವಳ ದನಿ ಬೇಕಾದಷ್ಟು ಉಳಿದಿತ್ತು. ಅದನ್ನೇ ಹಾಕಿ ಕಲಿಸಿ, ಮೊದಲ ಸಲ ಅವ್ವನ ಮುಂದೆ ಮಾತಾಡಿಸಿದಳು. ಅನ್ನವ್ವ ಫೋನನ್ನೂ ಮಗಳನ್ನೂ ನೋಡಿದಳು.

"ಯಾರವ್ವ ಇಕಿ, ಬಾತ್ಮಿ ಓದಾಕಿ?"

ವಾರ್ತೆ ಓದುವವಳಂತೆ ಕೇಳಿಸಿತೆಂದು ರೋಹಿಣಿ ಆ ದಿನ ಊಟ ಮಾಡಲಿಲ್ಲ. ಮರುದಿನ ನನ್ನ ಫೋನು ಕೇಳಿದಳು. ವರ್ಷಗಟ್ಟಲೆ ಅವಳು ನನಗೆ ಕಳಿಸಿದ ವಾಟ್ಸಾಪ್ ದನಿಗಳು ಅದರಲ್ಲಿದ್ದವು. ಪ್ರಿನ್ಸಿಪಾಲರ ಅಣಕ, ತಮ್ಮನ ಹೆಂಡತಿಯ ಮೇಲಿನ ದೂರು, ನನ್ನ ಸೀರೆಯ ಬಣ್ಣದ ಬಗ್ಗೆ ಬೈಗುಳ, ಹಿಂದೆ ಅನ್ನವ್ವ ಕೂಗಾಡುವ ಸದ್ದು. ಅವನ್ನು ಹಾಕಿದ ಮೇಲೆ ಯಂತ್ರ ಮನೆಯ ಮಾತು ಕಲಿಯಿತು. ನನ್ನ ಕಿವಿಯೊಳಗಿದ್ದ ಗೆಳತಿಯನ್ನು ಹೊರಗೆ ತೆಗೆದು ಅವ್ವನ ಮುಂದೆ ಇಟ್ಟ ಹಾಗಾಯಿತು.

ಅಷ್ಟರಲ್ಲಿ ಅವಳ ಸ್ವಂತ ದನಿ ಬದಲಾಗುತ್ತಲೇ ಇತ್ತು. ಹೋದ ತಿಂಗಳು ಹೊರಟ ಸದ್ದು ಈ ತಿಂಗಳು ಹೊರಡುತ್ತಿರಲಿಲ್ಲ. ಯಂತ್ರ ಅವಳನ್ನು ತಿಳಿದುಕೊಳ್ಳುವ ಹೊತ್ತಿಗೆ ಅವಳು ಬೇರೆ ಥರ ಮಾತಾಡುತ್ತಿದ್ದಳು. ಇಡೀ ಮಾದರಿಗೆ ಮತ್ತೆ ಕಲಿಸಲು ಕಾಲೇಜಿನ ಲ್ಯಾಬಿನ ಕಂಪ್ಯೂಟರಿಗೆ ದಿನಗಳೇ ಬೇಕು. ಅದಕ್ಕೆ ಅವಳು ಸದ್ದು ಬಿಡಿಸಿ ನೋಡುವ ಬುನಾದಿಯನ್ನು ಮುಟ್ಟದೆ, ನಡುನಡುವೆ ಸಣ್ಣ ತುಂಡುಗಳನ್ನು ಸೇರಿಸಿ ಅಷ್ಟಕ್ಕೇ ಕಲಿಸುವ ಉಪಾಯ ಹಿಡಿದಳು. ಹಾಗೆ ಮಾಡಿದರೆ ನನ್ನ ಎರಡು ಪೀರಿಯಡ್ಡಿನ ಬಿಡುವಿನಲ್ಲಿ ಕೆಲಸ ಮುಗಿಯುತ್ತಿತ್ತು. ಅವಳ ಬೆರಳು ನಿಂತ ಮೇಲೆ, ಅವಳು ಹೇಳಿದ್ದನ್ನು ಒತ್ತಲು ಕೀಬೋರ್ಡಿಗೆ ನಾನೇ ಕೈಯಾದೆ. ಏನು ಒತ್ತುತ್ತಿದ್ದೇನೆ ಎಂದು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ತಪ್ಪಿದರೆ ಫೋನು ಅವಳ ದನಿಯಲ್ಲಿ ನನ್ನನ್ನು ಬೈಯುತ್ತಿತ್ತು. ಆ ಬೈಗುಳ ಸರಿಯಾಗಿ ಹೊರಟ ದಿನ ನಾನು ಲ್ಯಾಬಿನಲ್ಲಿ ಅತ್ತೆ.

ಬೇಸಿಗೆ ಬಂತು. ಮೊರಬದ ಮಣ್ಣಿನ ಮನೆಯಲ್ಲೂ ಮಧ್ಯಾಹ್ನ ಫೋನು ಸುಮ್ಮನಿದ್ದಾಗಲೇ ಬೆಚ್ಚಗಿರುತ್ತಿತ್ತು. ನಡು ಮಾತಿನಲ್ಲಿ ಆರಿಹೋಗುತ್ತಿತ್ತು. ಲೆಕ್ಕ ಹಗುರವಾಗಲೆಂದು ರೋಹಿಣಿ ಮಾದರಿಯ ಪದರಗಳನ್ನು ಒಂದೊಂದಾಗಿ ತೆಗೆಸಿದಳು. ಉದ್ದುದ್ದ ದಶಾಂಶದ ಅಂಕಿಗಳನ್ನು ಮೊಟಕು ಮಾಡಿಸಿದಳು. ಪ್ರತಿ ಸಲ ತೆಗೆದಾಗ ಏನು ಕೆಟ್ಟಿತೆಂದು ನೋಡುವುದು, ತಡೆಯುವಂತಿದ್ದರೆ ಬಿಡುವುದು, ಇಲ್ಲವಾದರೆ ಮತ್ತೆ ಇಡುವುದು. ಇನ್ನು ತೆಗೆಯಲು ಏನೂ ಉಳಿಯಲಿಲ್ಲ. ಆದರೂ ಫೋನು ಆರುತ್ತಿತ್ತು. ಅರ್ಧ ಮಾತು ಆಡಿ ನಿಂತ ಫೋನಿನ ಮುಂದೆ ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳಲೂ ಅವಳಿಗೆ ಬೇರೆಯವರು ಬೇಕಿತ್ತು.

ಒಂದು ಕವಲು ಕತ್ತರಿಸಲೇಬೇಕೆಂದು ಅವಳೇ ಹೇಳಿದಳು. ಯಾವುದೆಂದು ಅವಳಿಗೆ ಗೊತ್ತಿತ್ತು. ಮಿಕ್ಕ ಮೂರಕ್ಕೆ ಅವಳು ಮಾತಾಡುವ ಮೊದಲು, ದಿಂಬಿಗೆ ಕಟ್ಟಿ ಫೋನಿಗೆ ಜೋಡಿಸಿದ್ದ ಗುಂಡಿಯನ್ನು ಕೆನ್ನೆಯಿಂದ ಒತ್ತಿದಾಗ ಎಚ್ಚರವಾದರೆ ಸಾಕು, ಉಳಿದ ಹೊತ್ತು ಮಲಗಿರಬಹುದು. ಗಂಟಲು ಕಾಯುವ ಕವಲು ಮಾತ್ರ ಹಗಲೂ ರಾತ್ರಿ ಕೇಳುತ್ತಲೇ ಇರಬೇಕು. ಅದೊಂದರ ಸಲುವಾಗಿ ಬುನಾದಿ ಇಡೀ ಎಚ್ಚರವಿರಬೇಕು. ಕೋಡೊಲೆಯ ಸಾರು ಸದಾ ಬಿಸಿಯಿರಲೆಂದು ದೊಡ್ಡ ಒಲೆಯನ್ನು ದಿನವಿಡೀ ಉರಿಸಿದ ಹಾಗೆ. ಕಾವೆಲ್ಲ ಅಲ್ಲಿಂದ ಬರುತ್ತಿತ್ತು.

ಆ ಕವಲಿಗೆ ಇನ್ನೊಂದು ಹುಚ್ಚಿತ್ತು. ರೋಹಿಣಿ ನಕ್ಕರೆ ಅದು ಉಸಿರುಗಟ್ಟಿತು ಎಂದು ತಿಳಿದು ಕೂಗುತ್ತಿತ್ತು. ಕೂಗಿದಾಗಲೆಲ್ಲ ಬಾಜು ಮನೆಯ ರೇಷ್ಮಾಬಿ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಬಂದು ನೋಡಿದರೆ ಇವಳು ನಗುತ್ತಿರುತ್ತಾಳೆ, ರೇಷ್ಮಾಬಿಯ ಮುಖ ನೋಡಿ ಇನ್ನಷ್ಟು ನಗುತ್ತಾಳೆ, ಫೋನು ಇನ್ನಷ್ಟು ಕೂಗುತ್ತದೆ. ಇನ್ನು ಇವಳ ಮುಂದೆ ಯಾರೂ ನಗೆಮಾತು ಆಡಬೇಡಿ, ನನ್ನ ರೊಟ್ಟಿ ಸೀಯುತ್ತವೆ ಎಂದು ರೇಷ್ಮಾಬಿ ಅನ್ನವ್ವನಿಗೆ ತಾಕೀತು ಮಾಡಿದ್ದಳು.

ಸುಭಾಸ ಒಪ್ಪಲಿಲ್ಲ. ಜೀವ ಕಾಯುವುದನ್ನು ತೆಗೆದು ಚಾಷ್ಟಿ ಉಳಿಸಿಕೊಳ್ಳುತ್ತೀಯಾ ಎಂದು ಅಕ್ಕನ ಮೇಲೆ ರೇಗಿದ. ಬೈಗುಳ, ಚಾಷ್ಟಿ ಗುರುತಿಸುವ ಧಾಟಿಯ ಕವಲನ್ನೇ ತೆಗೆದುಬಿಡು ಎಂದ. ನಾನೂ ಅದನ್ನೇ ಹೇಳಿದೆ. ರೋಹಿಣಿ ಗುಂಡಿ ಒತ್ತಿದಳು. ಅವಳ ಗಂಟಲಿನಿಂದ ನಮಗೆ ತಿಳಿಯದ ಸದ್ದು ಹೊರಟಿತು, ಅದರ ಬೆನ್ನಿಗೇ ಫೋನಿನಿಂದ ಅವಳು ಮಾತಾಡಿದಳು.

"ಗಂಟಲಾ ಕಾಯಾಕ ಓಣಿ ಐತಿ ತಮ್ಮಾ. ಅವ್ವ ಅದಾಳ, ರೇಷ್ಮಾ ಚಿಗವ್ವ ಅದಾಳ, ಬಾಗಲಾ ಹಾಕಿದ ಮನಿ ಅಲ್ಲ ಇದು. ಓಣಿಗೇನು ಚಾರ್ಜ್ ಮಾಡೂದು ಬೇಕಾಗಿಲ್ಲ. ಮಾತು ಮಾತ್ರ ನನ್ನ ಬದ್ಲಿ ಯಾರೂ ಆಡಾಂಗಿಲ್ಲ."

ಅದು ಪೊಳ್ಳು ಮಾತಲ್ಲ. ಮೊರಬದಲ್ಲಿ ಹಗಲು ಬಾಗಿಲು ಮುಚ್ಚುವುದು ಊರು ಬಿಟ್ಟು ಹೋದವರು ಮಾತ್ರ. ಅವಳ ಪಡಸಾಲೆಯಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಿದ್ದರು, ಮೆಣಸಿನಕಾಯಿ ತೊಟ್ಟು ಮುರಿಯುತ್ತಲೋ ಹತ್ತಿ ಬಿಡಿಸುತ್ತಲೋ. ರೇಷ್ಮಾಬಿಯ ಅಡುಗೆಮನೆಗೂ ರೋಹಿಣಿಯ ಮಂಚಕ್ಕೂ ನಡುವೆ ಒಂದೇ ಗೋಡೆ. ಕಷ್ಟದ ಲೆಕ್ಕವನ್ನು ಯಂತ್ರದಿಂದ ತೆಗೆದು ಓಣಿಗೆ ಒಪ್ಪಿಸಿದಳು. ಬೇರೆ ಊರಿನವರಾಗಿದ್ದರೆ ಈ ಧೈರ್ಯ ಮಾಡುತ್ತಿರಲಿಲ್ಲ. ಗಂಟಲಿನ ಕೆಲಸಕ್ಕೆ ಮಾತ್ರ ಹಳೆಯ ಫೋನನ್ನು ಬೇರೆಯಾಗಿ ಇಡೋಣವೆಂದು ಸುಭಾಸ ಹೇಳಿದ್ದಕ್ಕೆ ಒಪ್ಪಿಗೆಯೂ ಕೊಟ್ಟಳು. ಅದಕ್ಕೆ ಬೇರೊಂದು ಕಿವಿಯನ್ನು ಮೊದಲಿನಿಂದ ಕಲಿಸಬೇಕಿತ್ತು. ಅವಳ ಸದ್ದುಗಳು ಬದಲಾಗುವುದು ನಿಲ್ಲಲಿಲ್ಲ, ಲ್ಯಾಬಿನ ಹೊತ್ತೆಲ್ಲ ಮಾತಿಗೇ ಹೋಯಿತು. ಅದು ಆಗಲಿಲ್ಲ.

ಕವಲು ಕತ್ತರಿಸಿದ ಮೇಲೆ ಫೋನು ತಣ್ಣಗಾಯಿತು. ಮಾತು ಅವಳ ತುಟಿಯ ಬೆನ್ನಿಗೇ ಬರತೊಡಗಿತು. ಆ ಮಳೆಗಾಲವೆಲ್ಲ ತಾಯಿ ಮಗಳು ಮೊದಲಿನಂತೆ ಜಗಳಾಡಿದರು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು, ಸುಭಾಸನ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲವೆಂದು, ಸತ್ತ ಈರಪ್ಪ ಯಾರ ಮೇಲೆ ಹೆಚ್ಚು ಜೀವ ಇಟ್ಟಿದ್ದನೆಂದು. ದಿನಕ್ಕೆ ಎಷ್ಟು ಸಲ ಅವ್ವನನ್ನು ಕರೆಯುತ್ತಿದ್ದಳೋ ಲೆಕ್ಕವಿಲ್ಲ. ಕೆಲಸವಿಲ್ಲದಿದ್ದರೂ ಕರೆಯುವಳು. ಅನ್ನವ್ವ ಕೈಯೊರೆಸಿಕೊಂಡು ಬಂದು ಏನು ಎಂದರೆ, ಏನಿಲ್ಲ ಹೋಗು ಎನ್ನುವಳು. ಆಕೆ ಬೈದುಕೊಂಡು ಹೋಗುವಳು, ಇವಳು ಮತ್ತೆ ಕರೆಯುವಳು. ಗೋಡೆಯ ಆಚೆಯಿಂದ ರೇಷ್ಮಾಬಿ ನಗುವುದು ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ರೋಹಿಣಿಗೆ ಗಂಜಿ ಕೂಡ ಕಷ್ಟದಿಂದ ಇಳಿಯುತ್ತಿತ್ತು. ಮೈ ಹೋಗುತ್ತಿದ್ದ ವೇಗ ನೋಡಿದರೆ ಹೆದರಿಕೆಯಾಗುತ್ತಿತ್ತು, ಮಾತು ಕೇಳಿದರೆ ಮರೆತುಹೋಗುತ್ತಿತ್ತು.

ಶೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ನಿಂತ ಬೆಳೆಗೆ ಪೂಜೆ ಮಾಡಿ, ಹೊಲದ ತುಂಬ ಅನ್ನ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಊರಿಗೆ ಊರೇ ಟ್ರ್ಯಾಕ್ಟರು, ಚಕ್ಕಡಿ ಹತ್ತಿ ಹೋಗುತ್ತದೆ. ಮಗಳು ಹಾಸಿಗೆ ಹಿಡಿದಾಗಿನಿಂದ ಅನ್ನವ್ವ ಹೋಗಿರಲಿಲ್ಲ, ಈ ಸಲವೂ ಹೋಗುವುದಿಲ್ಲ ಎಂದಳು. ರೋಹಿಣಿಯೇ ಹಟ ಹಿಡಿದಳಂತೆ. ಅಪ್ಪ ಇದ್ದಾಗ ನೀನು ಕೈಯಾರೆ ಪೂಜೆ ಮಾಡುತ್ತಿದ್ದೆ, ಈಗ ಹೊಲದ ಮಣ್ಣಿನಲ್ಲಿ ಮಲಗಿದ ಅಪ್ಪ ಕಾಯುತ್ತಾನೆ ಹೋಗು ಎಂದು ಬೈದು ಕಳಿಸಿದಳಂತೆ. ರೇಷ್ಮಾಬಿ, ನಾನಿದ್ದೇನಲ್ಲ ಅನ್ನಕ್ಕ, ಗೋಡೆಗೆ ಕಿವಿ ಹಚ್ಚೇ ಇರುತ್ತೇನೆ ಎಂದಳು. ಸೂರ್ಯ ನೆತ್ತಿಗೆ ಬರುವುದರೊಳಗೆ ತಿರುಗಿ ಬರುವುದೆಂದು ಅನ್ನವ್ವ ಮಗನ ಟ್ರ್ಯಾಕ್ಟರು ಹತ್ತಿದಳು. ಓಣಿ ಖಾಲಿಯಾಯಿತು.

ನನಗೆ ಸುಭಾಸ ಫೋನು ಮಾಡಿದಾಗ ನಾನು ಅಣ್ಣಿಗೇರಿಯ ನಮ್ಮ ಮನೆಯಲ್ಲಿದ್ದೆ. ಮೊರಬ ಮುಟ್ಟುವ ಹೊತ್ತಿಗೆ ಅವಳನ್ನು ಪಡಸಾಲೆಯಲ್ಲಿ ಕೂಡಿಸಿ ವಿಭೂತಿ ಹಚ್ಚಿದ್ದರು. ಗಂಟಲಲ್ಲಿ ಕಫ ಅಡರಿತ್ತು. ಹೊಲದಿಂದ ಬಂದು ಬುತ್ತಿಯ ಗಂಟು ಕೆಳಗಿಡದೆ ಒಳಗೆ ಹೋದ ಅನ್ನವ್ವನಿಗೇ ಮೊದಲು ಗೊತ್ತಾದದ್ದು.

ರೇಷ್ಮಾಬಿ ಕಂಬಕ್ಕೆ ಒರಗಿ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

"ಮಾತಾಡಾಕತ್ತಿದ್ಲರಿ. ನನ್ನ ಕಿವಿಲೆ ಕೇಳೀನಿ. ಅವ್ವನ್ನ ಕರ್ಯಾಕತ್ತಿದ್ಲು. ದಿನಾ ಕರದಂಗ ಕರದ್ಲು, ಆಮ್ಯಾಲ ಸುಮ್ಮನಾದ್ಲು. ಮಲ್ಕೊಂಡ್ಲು ಅಂದ್ಕೊಂಡ್ನಿ."

ಮಂದಿ ಅದನ್ನು ಸಮಾಧಾನದ ಮಾತಾಗಿ ತೆಗೆದುಕೊಂಡರು. ನರಳಲಿಲ್ಲ, ಮಾತಾಡುತ್ತಲೇ ಹೋದಳು ಎಂದರು. ನಾನು ಒಳಗೆ ಹೋಗಿ ದಿಂಬಿನ ಪಕ್ಕದಲ್ಲಿದ್ದ ಫೋನು ತೆಗೆದು ನೋಡಿದೆ. ಗುಂಡಿಯನ್ನು ಬಹಳ ಹೊತ್ತು ಎಡಬಿಡದೆ ಒತ್ತಿದ್ದು ಅದರ ದಾಖಲೆಯಲ್ಲಿತ್ತು. ಒದ್ದಾಡುವಾಗ ಕೆನ್ನೆ ಅದರ ಮೇಲೆ ಬಿದ್ದಿರಬೇಕು.

ಗಂಟಲಿನ ಕವಲು ಇದ್ದಾಗ ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಇದು ಮಾತಲ್ಲ ಎಂದು ಉಳಿದ ಕವಲುಗಳಿಗೆ ತಿಳಿಸುತ್ತಿತ್ತು. ಅದನ್ನು ತೆಗೆದ ಮೇಲೆ ಗುಂಡಿ ಒತ್ತಿದಾಗ ಕೇಳಿದ್ದೆಲ್ಲ ಮಾತು ಎಂದೇ ಯಂತ್ರ ನಂಬುತ್ತಿತ್ತು. ಏನೂ ತಿಳಿಯದ ಸದ್ದಾದರೆ ಅವಳು ಹೆಚ್ಚು ಆಡಿದ ಮಾತಿನ ಕಡೆಗೆ ವಾಲುತ್ತಿತ್ತು. ಹೆಚ್ಚು ಆಡಿದ ಮಾತು ಯಾವುದೆಂದು ಈ ಓಣಿಗೆಲ್ಲ ಗೊತ್ತು. ಇದು ರೋಹಿಣಿಗೆ ಹೊಳೆದಿರಲಿಲ್ಲ. ಹೊಳೆಯುವ ಬುದ್ಧಿ ಅವಳಿಗಿತ್ತು, ಪುರುಸೊತ್ತು ಇರಲಿಲ್ಲ. ಅವಳು ಉಸಿರಿಗೆ ಒದ್ದಾಡುತ್ತಿದ್ದಾಗ ಅವಳದೇ ದನಿ, ಅವಳದೇ ಧಾಟಿಯಲ್ಲಿ, ಗೋಡೆಯಾಚೆ ಕಿವಿ ಹಚ್ಚಿದ್ದವಳಿಗೆ ಎಲ್ಲ ಸರಿಯಿದೆ ಎಂದು ಹೇಳಿತು.

ನಾನು ಇದನ್ನು ಆ ದಿನ ಯಾರಿಗೂ ಹೇಳಲಿಲ್ಲ. ಹೊಲದಲ್ಲಿ ಈರಪ್ಪನ ಬಾಜುವಿಗೆ ಮಣ್ಣು ಮಾಡಿ ಬಂದರು. ದಿನಕರ್ಮ ಮುಗಿದ ಮೇಲೆ ಮತ್ತೆ ಮೊರಬಕ್ಕೆ ಹೋದೆ. ಅನ್ನವ್ವ ಮಗಳ ಮಂಚದ ಮೇಲೆ ಕೂತಿದ್ದಳು. ರೇಷ್ಮಾಬಿ ಕೆಳಗೆ ಕೂತು ಆಕೆಗೆ ಒತ್ತಾಯ ಮಾಡಿ ರೊಟ್ಟಿ ತಿನ್ನಿಸುತ್ತಿದ್ದಳು. ಅನ್ನವ್ವ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಕಾದುಕೊಂಡಿದ್ದವಳಂತೆ ಕೇಳಿದಳು.

"ನಿನಗ ಆ ಫೋನಿಂದು ಎಲ್ಲಾ ಗೊತ್ತು ಮಾಲಕ್ಷ್ಮಿ. ಖರೇ ಹೇಳು. ಅಕಿ ನನ್ನ ಕರದ್ಲೇನು, ಅದ ಕರೀತೇನು?"

ಓದು ಬಾರದ ಆ ಹೆಂಗಸು ತಾನಾಗಿ ಅಲ್ಲಿಗೆ ಬಂದು ಮುಟ್ಟಿದ್ದಳು. ಉಸಿರುಗಟ್ಟಿದವರು ಚಾಷ್ಟಿಯ ಧಾಟಿಯಲ್ಲಿ ಕರೆಯುವುದಿಲ್ಲ ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಗೊತ್ತಿಲ್ಲ ಎಂದೆ. ಅದು ನಿಜ. ಆ ಸದ್ದಿನಲ್ಲಿ ಅವಳು ಕರೆದದ್ದೂ ಇರಬಹುದು, ಬರೀ ಗಂಟಲಿನ ಗೊರಕೆಯೇ ಇರಬಹುದು. ಎರಡಕ್ಕೂ ಯಂತ್ರ ಅದೇ ಮಾತು ಆಡುತ್ತಿತ್ತು. ಅದನ್ನು ಬಿಡಿಸಿ ಹೇಳುವ ಕವಲನ್ನೇ ನಾವು ತೆಗೆದಿದ್ದೆವು. ಇಷ್ಟನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆ.

ಕೆಳಗೆ ಕೂತಿದ್ದ ರೇಷ್ಮಾಬಿಯ ಕೈ ನಿಂತುಹೋಯಿತು. ಮುಖ ಗೋಡೆಯ ಕಡೆ ತಿರುಗಿತು. ತಾನು ಏನು ಕೇಳಿಸಿಕೊಂಡೆ ಎಂದು ಆಕೆಗೆ ಆಗ ತಿಳಿಯಿತು. ಎದ್ದು ಹೋಗಲು ನೋಡಿದಳು. ಅನ್ನವ್ವ ಆಕೆಯ ಸೆರಗು ಹಿಡಿದು ಕೂಡಿಸಿದಳು.

"ಎಲ್ಲಿಗಿ ಹೊಂಟಿ? ಕುಂದ್ರು. ನೀ ಒಬ್ಬಾಕೀನ ಕೇಳಿದಾಕಿ. ಎಷ್ಟ್ ಸಲ ಕರದ್ಲು?"

"ಎಣಸಿಲ್ಲ ಅನ್ನಕ್ಕ," ಎಂದಳು ರೇಷ್ಮಾಬಿ. "ಭಾಳ ಸಲ. ಒಂದರ ಬೆನ್ನಿಗೆ ಒಂದು."

ಹೊರಗೆ ಯಾರೋ ಮೆಣಸಿನಕಾಯಿ ಹರವುತ್ತಿದ್ದರು, ಘಾಟು ಒಳಗೆ ಬಂತು. ಯಾರಾದರೂ ಕೆಮ್ಮಬಹುದಿತ್ತು, ಯಾರೂ ಕೆಮ್ಮಲಿಲ್ಲ. ಅದು ಯಂತ್ರ ಮಾಡಿದ್ದು ಎಂದು ತಿಳಿದರೆ ಮಗಳು ಕರೆಯದೆ ಹೋದಳು. ಮಗಳೇ ಕರೆದಳು ಎಂದರೆ ತಾನು ಓಗೊಡಲಿಲ್ಲ. ಎರಡರಲ್ಲಿ ಯಾವುದನ್ನು ಆಕೆ ಎತ್ತಿಕೊಳ್ಳುತ್ತಾಳೆ ಎಂದು ನಾನು ನೋಡುತ್ತಿದ್ದೆ. ಹಗುರವಾದದ್ದನ್ನು ತೆಗೆದುಕೊಳ್ಳಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

"ಅಕೀನ ಕರದಾಳ," ಎಂದಳು ಅನ್ನವ್ವ. "ಮಷೀನು ಯಾಕ ಕರೀತೈತಿ ನನ್ನ? ಅಕೀನ. ನಾ ಬರಲಿಲ್ಲ."

ರೇಷ್ಮಾಬಿ ಅಳತೊಡಗಿದಳು. ಅನ್ನವ್ವ ಅಳಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಮಂಚದಿಂದ ಇಳಿದು ಆಕೆಯ ಪಕ್ಕ ಕೂತು, ಗೋಡೆಗೆ ಬೆನ್ನು ಹಚ್ಚಿದಳು.